ಬರಬಾರದವರ ದಾರಿ ಕಾಯುವ ನಿಧಾನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ, ಗಾಯಗಳಿಗೆ ಪಟ್ಟಿ ಕಟ್ಟುವ ಅಕ್ಕ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾರೆ. ಎದುರಿಗೆ ಕೈ ಚಾಚಿ ಕೂತವನು ದರ್ಜಿ. ಇಸ್ತ್ರಿಪೆಟ್ಟಿ ತಗುಲಿ ಕೈ ಸುಟ್ಟಿತ್ತು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಕಸಿ ಮಾಡಿದ್ದಾರೆ. ಇವತ್ತು ಮೊದಲ ಸಲ ಪಟ್ಟಿ ಬಿಚ್ಚಬೇಕು.

"ನಿಮ್ಮ ಹೆಸರು? ಯಾವ ಕೈ?"

"ದಿನಾ ನೋಡ್ತೀರಲ್ಲಕ್ಕಾ, ಮರೆತೇಹೋಯ್ತಾ?"

"ಮರೆತಿಲ್ಲಪ್ಪ. ಆದ್ರೂ ನಿಮ್ಮ ಬಾಯಲ್ಲೇ ಬರ್ಲಿ. ಒಬ್ಬರಿಗೆ ಮಾಡೋದು ಇನ್ನೊಬ್ಬರಿಗೆ ಮಾಡಿಬಿಟ್ರೆ ಏನು ಗತಿ?"

ಅಂಟಿಕೊಂಡ ಪಟ್ಟಿಯ ಮೇಲೆ ಶುದ್ಧ ಉಪ್ಪುನೀರು ಬಿಡುತ್ತಾ, ಅದು ತಾನಾಗಿ ಸಡಿಲುವವರೆಗೆ ಅಕ್ಕ ಕಾಯುತ್ತಾರೆ. ಎಳೆದರೆ ಹೊಸ ಚರ್ಮವೂ ಕಿತ್ತುಬಂದೀತು. ಮತ್ತೆ ಮೊದಲಿಂದ ಆಪರೇಷನ್ನು. ಈ ತಾಳ್ಮೆಗೇ ವಾರ್ಡಿನವರು ಅವರಿಗೆ 'ನಿಧಾನಕ್ಕ' ಎಂದು ಹೆಸರಿಟ್ಟಿದ್ದಾರೆ. ಕೊನೆಯ ಪದರ ಸರಿದಾಗ ಕೆಳಗೆ ತಿಳಿಗುಲಾಬಿ ಬಣ್ಣ. "ಹಿಡ್ಕೊಂಡಿದೆ ಕಣಪ್ಪ!" ದರ್ಜಿ ಕಣ್ಣೊರೆಸಿಕೊಳ್ಳಲು ಅದೇ ಕೈ ಎತ್ತುತ್ತಾನೆ. ಅಕ್ಕ ತಟ್ಟನೆ ತಡೆಯುತ್ತಾರೆ: "ಅಳೋಕೆ ಇನ್ನೊಂದು ಕೈ ಇದೆಯಲ್ಲಪ್ಪ!"

ಹಾಸಿಗೆ ಹಿಡಿದ ತಾಯಿಯ ಬೆನ್ನಿನ ಹುಣ್ಣೇ ಅಕ್ಕನನ್ನು ಈ ಕೆಲಸಕ್ಕೆ ತಂದದ್ದು. "ಪಟ್ಟಿ ಬಿಚ್ಚುವಾಗೆಲ್ಲ ಅಮ್ಮ ಅಳೋರು. ಒಂದಿನ ಮನೆಗೆ ಬಂದ ನರ್ಸಮ್ಮ ನೆನೆಸಿ ಬಿಚ್ಚಿದ್ರು. ಅವತ್ತು ಅಮ್ಮ ಅಳ್ಲಿಲ್ಲ. ಇದನ್ನ ಕಲೀಲೇಬೇಕು ಅನ್ನಿಸ್ತು."

ಈಗ ದಿನಕ್ಕೆ ಮೂವತ್ತು ನಲವತ್ತು ಗಾಯ. ನಿಂತು ನಿಂತು ಪಾದ ಬಾತಿವೆ, ತೊಳೆದು ತೊಳೆದು ಬೆರಳ ಸಂದು ಬಿರಿದಿವೆ. ಅದನ್ನೆಲ್ಲ ಅಕ್ಕ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊರಗು ಬೇರೆಯದು. ವಾಸಿಯಾದವರು ಈ ಕೋಣೆಗೆ ಮರಳುವುದಿಲ್ಲ. ಮರಳಿದರೆ ಗಾಯ ಕೀವುಗಟ್ಟಿದೆ ಎಂದೇ ಅರ್ಥ. "ಬರಬಾರದು ಅಂತಾನೇ ಬೇಡ್ಕೊಳ್ತೀನಿ. ಆದ್ರೂ ಬಾಗಿಲು ಸದ್ದಾದ್ರೆ ಕಣ್ಣು ಅತ್ಲಾಗೇ ಓಡುತ್ತೆ."

ಅವರಲ್ಲೂ ಒಬ್ಬ ಹುಡುಗಿಯನ್ನು ಅಕ್ಕನಿಗೆ ಮರೆಯಲಾಗಿಲ್ಲ. ಕುದಿಯುವ ನೀರು ಬಿದ್ದು ಬಲಗೈ ಬೆಂದಿತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅಕ್ಕ ಒಂದೊಂದನ್ನೂ ಬೇರೆ ಬೇರೆ ಸುತ್ತುತ್ತಿದ್ದರೆ, "ದೊಡ್ಡಮ್ಮ, ಕಥೆ ಹೇಳು" ಎಂದು ಇನ್ನೊಂದು ಕೈಯಲ್ಲಿ ಅವರ ತೋಳು ಹಿಡಿಯುತ್ತಿದ್ದಳು. ಚಳಿಗಾಲವೆಲ್ಲ ವಾರ್ಡಿನಲ್ಲೇ ಕಳೆದು ಮನೆಗೆ ಹೋದವಳು. ವರ್ಷಗಳೇ ಆದವು.

ಮೊನ್ನೆ ಕೆಲಸ ಮುಗಿಸಿ ಹತ್ತಿದ ಬಸ್ಸಿನಲ್ಲಿ, ಎದುರು ಸೀಟಿನಲ್ಲೇ ಅವಳು! ಉದ್ದಕ್ಕೆ ಬೆಳೆದಿದ್ದಾಳೆ, ಬಲಗೈ ಮೇಲೆ ಅದೇ ಸುಟ್ಟ ಕಲೆ, ಪಕ್ಕದ ತಂಗಿಯ ಜಡೆ ಹೆಣೆಯುತ್ತಿದ್ದಾಳೆ. ಒಮ್ಮೆ ಅಕ್ಕನತ್ತ ನೋಡಿ, ಗುರುತು ಹತ್ತದೆ, ಮತ್ತೆ ಜಡೆಗೆ ತಿರುಗಿದಳು. ಹತ್ತುವುದಾದರೂ ಹೇಗೆ? ಅವಳು ಕಂಡದ್ದು ಮಾಸ್ಕಿನ ಮೇಲಿನ ಎರಡು ಕಣ್ಣುಗಳನ್ನಷ್ಟೇ.

ಮಾತಾಡಿಸಲಿಲ್ಲವೇ ಎಂದು ಕೇಳಿದರೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"'ನಾನು ದೊಡ್ಡಮ್ಮ ಕಣೇ' ಅನ್ನೋದು ಬಾಯಿತನಕ ಬಂತು. ನುಂಗ್ಕೊಂಡೆ. ನಾನ್ಯಾರು ಅಂತ ಗೊತ್ತಾದ್ರೆ ಆ ಉರಿ ಎಲ್ಲಾ ನೆನಪಾಗುತ್ತಲ್ಲ, ಪಾಪ."

ಆಮೇಲೆ ತಾವಾಗಿಯೇ ಹೇಳುತ್ತಾರೆ:

"ಐದು ಬೆರಳೂ ಸಲೀಸಾಗಿ ಆಡ್ತಿದ್ವು. ನನ್ನ ಸ್ಟಾಪು ಬಂತು, ಹೋಯ್ತು. ಇಳೀಲಿಲ್ಲ. ಜಡೆ ಮುಗಿಯೋ ತನಕ ನೋಡ್ತಾ ಕೂತಿದ್ದೆ."