ಬಾಗಿಲು ಮುಚ್ಚಗೊಡದ ಪ್ಲಗ್ಗು

ಗಂಗಾವತಿ, ಕಾರಟಗಿ ಸೀಮೆಯ ಯಾವುದೇ ಅಕ್ಕಿ ಗಿರಣಿಯಲ್ಲಿ ಮೋಟಾರು ಸುಸೂತ್ರವಾಗಿ ತಿರುಗುತ್ತಿದೆಯೆಂದರೆ, ಅದರ ಹಿಂದೆ ಶ್ರೀಮತಿ ಮುಬಾಶಿರಾ ಬೇಗಂ ಅವರ ಶಿಷ್ಯನೊಬ್ಬನ ಕೈ ಇದ್ದೇ ಇರುತ್ತದೆ. ನಮ್ಮ ಐ.ಟಿ.ಐ.ಯ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ತರುಣಿಯಾಗಿ ಬಂದು, ಇದೇ ತಿಂಗಳ ಕೊನೆಗೆ ಅಲ್ಲಿಂದಲೇ ನಿವೃತ್ತರಾಗುತ್ತಿರುವ ಈ ಗುರುಗಳು ಬರೆದ ಗ್ರಂಥಗಳಿಲ್ಲ, ಪಡೆದ ಬಿರುದುಗಳೂ ಇಲ್ಲ; ಸುಟ್ಟುಕೊಳ್ಳದೆ ಉಳಿದ ನಮ್ಮ ಕೈಗಳೇ ಅವರ ಗ್ರಂಥಭಂಡಾರವೆಂದು ಹೇಳಿದರೆ ಅದು ಹೊಗಳಿಕೆಯಾಗದು. ಆ ಕೈಗಳಲ್ಲಿ ಎರಡು ನನ್ನವು.

ನಾನು ಗಿರಣಿ ಮನೆತನದವನು. ಮೊದಲ ವರ್ಷದ ನಡುವೆಯೇ ನಮ್ಮ ತಂದೆ ಸಣ್ಣಪ್ಪನವರು ನನ್ನನ್ನು ಓದು ಬಿಡಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಲು ಹೊರಟಾಗ, ಮೇಡಂ ಸ್ಕೂಟರ್ ಏರಿ ಕಾರಟಗಿಯ ನಮ್ಮ ಗಿರಣಿಗೇ ಬಂದರು. ತಂದೆಯವರೆದುರು ಕುಳಿತು ಚಹಾ ಕುಡಿದು ಮುಗಿಸಿ ಮಾತು ತೆಗೆದರು.

“ಸಣ್ಣಪ್ಪನವರ, ಉಮಾಪತೀನ ಗಿರಣ್ಯಾಗ ಕೂರಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಸುಗ್ಗ್ಯಾಗ ಮೋಟಾರ್ ಸುಟ್ರ ಯಾರನ್ನ ಕರಸ್ತೀರಿ, ಅಷ್ಟು ಹೇಳ್ರಿ.”

ತಂದೆಯವರು ಮಾತಿನಲ್ಲಿ ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು. ಮರುದಿನ ನನ್ನನ್ನು ಬಸ್ಸು ಹತ್ತಿಸಿದವರೂ ಅವರೇ.

ಮೇಡಂ ಅವರ ಪಾಠದ ಬಗೆ ಬೇರೆ. ಪ್ರತಿ ಆಯುಧಪೂಜೆಗೆ ಗಂಗಾವತಿ ಪೇಟೆಯಿಂದ ಚೆಂಡುಹೂವನ್ನು ಮೇಡಂ ತಾವೇ ಆರಿಸಿ ತರುತ್ತಿದ್ದರು. ಪೂಜೆ ಮುಗಿದ ಮೇಲೆ ಪ್ರಯೋಗಶಾಲೆಯ ಯಂತ್ರಗಳಿಗೆಲ್ಲ ಕಟ್ಟಿದ ಕೆಂಪು ಬಟ್ಟೆಗಳನ್ನು ತೋರಿಸಿ ಪಾಠ ಶುರುಮಾಡುತ್ತಿದ್ದರು. ನಮ್ಮ ಸೀಮೆಯ ಗಿರಣಿಗಳಲ್ಲಿ ಯಂತ್ರದೊಳಗೆ ಆಳು ಇದ್ದಾಗ ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಅದನ್ನು ಕಂಡವರು ಸ್ವಿಚ್ಚು ಮುಟ್ಟುವುದಿಲ್ಲ. “ಹಬ್ಬದ ದಿವ್ಸ ಎಲ್ಲಾದಕ್ಕೂ ಕೆಂಪು ಬಟ್ಟಿ ಇರ್ತೈತಿ. ಅವತ್ತ ನಿಮ್ಮ ಜೀವ ಯಾರು ಕಾಯ್ತಾರ?” ಎಂದು ಅವರು ಕೇಳಿದಾಗ ನಾವು ನಗುತ್ತಿದ್ದೆವು. ನಮಗೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳ ಚಿಂತೆ.

ಮುಂದೆ ನನಗೆ ವಿಮಾನದ ಹುಚ್ಚು ಹಿಡಿದು, ಹಾರಿಸುವ ಪರವಾನಗಿ ಪಡೆದು, ಬಿಡಿಭಾಗಗಳನ್ನು ತರಿಸಿ ಹಳೆಯ ಗೋದಾಮಿನಲ್ಲಿ ಎರಡು ಆಸನದ ಪುಟ್ಟ ವಿಮಾನ ಕಟ್ಟತೊಡಗಿದಾಗ ಊರವರು ಆಡಿಕೊಂಡದ್ದನ್ನು ಇಲ್ಲಿ ಬರೆಯಲಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಅದಕ್ಕೆ ಬಣ್ಣವನ್ನೂ ಹಚ್ಚಿಬಿಟ್ಟಿದ್ದೆ. ಕಷ್ಟ ಬಂದದ್ದು ಬ್ಯಾಟರಿಯಿಂದ. ನಿಂತಲ್ಲೇ ನಿಂತ ವಿಮಾನದ ಬ್ಯಾಟರಿ ಮೇಲಿಂದ ಮೇಲೆ ಇಳಿಯುತ್ತಿತ್ತು. ಅದು ಇದ್ದದ್ದು ಆಸನದ ಹಿಂದಿನ ಗೂಡಿನಲ್ಲಿ. ಚಾರ್ಜರ್ ಹಚ್ಚಬೇಕೆಂದರೆ ಆಸನ ಬಿಚ್ಚಿ, ತಗಡು ಕಳಚಿ, ಹೊಟ್ಟೆಯ ಮೇಲೆ ತೆವಳಬೇಕು. ಪರಿಶೀಲನಾಧಿಕಾರಿಗಳು ಬರುವ ದಿನ ಗೊತ್ತಾಗಿತ್ತು. ಅಂದು ಎಂಜಿನ್ ಚಾಲೂ ಆಗದಿದ್ದರೆ ಹಾರಾಟದ ಅನುಮತಿ ಇಲ್ಲ, ನನ್ನ ಇಷ್ಟು ವರ್ಷದ ದುಡಿಮೆ ಗೋದಾಮಿನಲ್ಲೇ ಉಳಿಯಬೇಕು.

ಮೇಡಂಗೆ ಫೋನು ಮಾಡಿದೆ. ರವಿವಾರ ಬಂದರು. ಗೂಡಿನೊಳಗೆ ಇಣುಕಿ ನಕ್ಕರು.

“ಇದನ್ನ ಮತ್ತ ಯಾರೂ ಮುಟ್ಟಬಾರದಂತ ಆಣಿ ಹಾಕಿ ಕೂರಿಸ್ಯಾರೇನೋ ಉಮಾಪತಿ?”

“ಟ್ರ್ಯಾಕ್ಟರಿಗೆ ಹಚ್ಚಿದಂಗ ಎರಡು ಕ್ಲಿಪ್ ಹೊರಗ ಬಿಟ್ಟುಬಿಡೂನ್ರಿ ಮೇಡಂ,” ಎಂದೆ.

“ಅವೆರಡೂ ಒಂದಕ್ಕೊಂದು ತಾಗಿದ್ರ ದೀಪಾವಳಿ ಇಲ್ಲೇ ಆಕ್ಕೈತಿ.”

ವಿಮಾನದೊಳಗೆ ಫೋನು ಚಾರ್ಜ್ ಮಾಡಲು ಇದ್ದ ಸಾಕೆಟ್ಟಿನ ಮೂಲಕವೇ ಕೊಡೋಣವೆಂದರೆ, ಅದರ ತಂತಿ ಸಣ್ಣದು. ಮೇಲಾಗಿ ಮುಖ್ಯ ಸ್ವಿಚ್ಚು ಹಾಕಿಟ್ಟರೆ ಮಾತ್ರ ಕರೆಂಟು ಬ್ಯಾಟರಿಯನ್ನು ಮುಟ್ಟುತ್ತಿತ್ತು, ಹಾಕಿಟ್ಟರೆ ಉಳಿದ ಉಪಕರಣಗಳೂ ಅದನ್ನು ಕುಡಿಯುತ್ತಿದ್ದವು. ಕೊನೆಗೆ ಅವರು ಬ್ಯಾಟರಿಯಿಂದಲೇ ನೇರವಾಗಿ ದಪ್ಪ ತಂತಿ ಎಳೆಸಿ, ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಸ್ ಹಾಕಿಸಿ, ಪ್ಲಗ್ಗು ಒಂದೇ ದಿಕ್ಕಿನಲ್ಲಿ ಕೂರುವಂಥ ಸಾಕೆಟ್ ಕೊಟ್ಟರು. ತೌಡಿನ ಧೂಳು ಹೋಗದಂತೆ ಅದಕ್ಕೆ ಸೈಕಲ್ ಟ್ಯೂಬಿನ ಮುಚ್ಚಳ. ಪ್ಲಗ್ ಹಾಕಿದಾಗ ಅದಕ್ಕೆ ಕೆಂಪು ಬಟ್ಟೆ ಕಟ್ಟುವುದೆಂದೂ ಆಯಿತು. ಆದರೆ ಸಾಕೆಟ್ಟಿನ ಜಾಗದ ಬಗ್ಗೆ ಮಾತ್ರ ಅವರು ಹಟ ಹಿಡಿದರು: ಬಾಗಿಲಿನ ಚೌಕಟ್ಟಿನಲ್ಲೇ, ಕೆಳಗೆ, ಕುಳಿತವನ ಮೊಣಕೈಯ ಹಿಂದೆ. ಪ್ಲಗ್ ಇದ್ದರೆ ಬಾಗಿಲು ಮುಚ್ಚುವುದಿಲ್ಲವಲ್ಲ ಎಂದು ನಾನು ಗೊಣಗಿದೆ.

“ಮುಚ್ಚಬಾರದಂತನ ಅಲ್ಲಿ ಇಡಾಕತ್ತೀನಿ. ಮನಶ್ಯಾ ಮರೀತಾನ. ಬಾಗ್ಲಾ ಮರಿಯೂದಿಲ್ಲ.”

ಅಧಿಕಾರಿಗಳು ಬಂದದ್ದು ಆಯುಧಪೂಜೆಯ ಬೆನ್ನಿಗೇ. ಕಟ್ಟಿದ ಬಟ್ಟೆ ತಾನಾಗಿ ಬೀಳುವ ತನಕ ಬಿಚ್ಚಬಾರದೆಂಬುದು ನಮ್ಮ ಗಿರಣಿಯ ರೂಢಿ. ಹೀಗಾಗಿ ವಿಮಾನದ ರೆಕ್ಕೆಗೆ, ಚಕ್ರಕ್ಕೆ, ಬಾಗಿಲಿನ ಹಿಡಿಕೆಗೆ, ಎಲ್ಲೆಲ್ಲೂ ಕೆಂಪು. ಮೂತಿಯಲ್ಲಿ ತಿರುಗುವ ಪಂಖಕ್ಕೆ ಕಟ್ಟಿದ್ದನ್ನು ಮಾತ್ರ ಕೈಮುಗಿದು ಬಿಚ್ಚಿದ್ದೆ. ಬೆಳಿಗ್ಗೆ ಚಾರ್ಜರಿನ ಪ್ಲಗ್ಗನ್ನೂ ನಾನೇ ತೆಗೆದಿಟ್ಟಿದ್ದೆ. ಅಧಿಕಾರಿಗಳಿಗೆ ಚಹಾ ಕೊಡುವ ಹೊತ್ತಿನಲ್ಲಿ, ನಮ್ಮ ಗಿರಣಿಯ ಹಿರಿಯ ಮೇಸ್ತ್ರಿ ಗಿಡ್ಡಪ್ಪ, ಪಾಪ, ಇನ್ನೊಂದಿಷ್ಟು ಕರೆಂಟು ಕುಡಿಯಲಿ ಎಂಬ ಅಕ್ಕರೆಯಿಂದ ಅದನ್ನು ಮತ್ತೆ ಹಾಕಿ, ಶಾಸ್ತ್ರಪ್ರಕಾರ ಬಟ್ಟೆಯನ್ನೂ ಕಟ್ಟಿದ್ದ. ಅಷ್ಟು ಕೆಂಪಿನ ನಡುವೆ ಆ ಒಂದು ಬಟ್ಟೆ ನನ್ನ ಕಣ್ಣಿಗೆ ಬೀಳಲಿಲ್ಲ. ಚಾರ್ಜರಿನ ತಂತಿ ರೆಕ್ಕೆಯಡಿಯಿಂದ ಹಾದು, ಪಂಖದ ಮುಂದಿನಿಂದ ಗೋದಾಮಿನ ಕಂಬದ ಸ್ವಿಚ್ಚು ಬೋರ್ಡಿಗೆ ಹೋಗಿತ್ತು. ಬೋರ್ಡಿನ ಬಳಿ ಗಿಡ್ಡಪ್ಪ ಕೈಮುಗಿದು ನಿಂತಿದ್ದ.

ನಾನು ಒಳಗೆ ಕುಳಿತು ಬಾಗಿಲು ಎಳೆದೆ. ಮುಚ್ಚಲಿಲ್ಲ. ಅಧಿಕಾರಿಗಳು ನೋಡುತ್ತಿದ್ದಾರೆಂಬ ಗಡಿಬಿಡಿಯಲ್ಲಿ ಇನ್ನೊಮ್ಮೆ ಜೋರಾಗಿ ಎಳೆದೆ. ಆಗಲೂ ಮುಚ್ಚಲಿಲ್ಲ. ತಿರುಗಿ ನೋಡಿದರೆ ಪ್ಲಗ್ಗು. ಅಲ್ಲಿಂದ ತಂತಿಯ ಗುಂಟ ಕಣ್ಣು ಹೋದದ್ದು ನೇರ ಗಿಡ್ಡಪ್ಪನ ಕಾಲಿಗೆ. ಬಾಗಿಲು ಮುಚ್ಚಿದ್ದರೆ ನನ್ನ ಕೈ ಮುಂದೆ ಹೋಗುತ್ತಿದ್ದದ್ದು ಎಂಜಿನ್ನಿನ ಗುಂಡಿಗೆ. ಪಂಖ ಆ ತಂತಿಯನ್ನು ಸೆಳೆದುಕೊಂಡಿದ್ದರೆ ಅದರ ಜೊತೆಗೆ ಗಿಡ್ಡಪ್ಪನನ್ನೂ ಎಳೆದುಕೊಳ್ಳುತ್ತಿತ್ತು.

ಪ್ಲಗ್ ತೆಗೆದೆ. ಎಲ್ಲರನ್ನೂ ದೂರ ಸರಿಸಿದೆ. ಬಾಗಿಲು ಮುಚ್ಚಿತು, ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಸಂಜೆ ಮೇಡಂಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಅವರು ಕೇಳಿದ್ದು ಒಂದೇ: “ಗಿಡ್ಡಪ್ಪಗ ಬೈದಿಲ್ಲ ಹೌದಿಲ್ಲೋ? ಬೈಬ್ಯಾಡ. ಪ್ರೀತೀಲೆ ಮಾಡ್ಯಾನ.”

ವಿಮಾನ ಈಗ ಹಾರುತ್ತಿದೆ. ಪರೀಕ್ಷಾ ಹಾರಾಟಗಳು ಮುಗಿಯುವ ತನಕ ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿಲ್ಲ. ಆದ್ದರಿಂದ ಪಕ್ಕದ ಆಸನದಲ್ಲಿ ತೂಕಕ್ಕೆಂದು ಸೋನಾ ಮಸೂರಿಯ ಚೀಲಗಳನ್ನು ಬೆಲ್ಟು ಬಿಗಿದು ಕೂರಿಸಿದ್ದೇನೆ. ಅದು ನಿಮ್ಮ ಜಾಗ ಎಂದು ಹೇಳಿದಾಗ ಮೇಡಂ, “ನನ್ನ ತೂಕದಷ್ಟ ಅಕ್ಕಿ ಇಟ್ಟೀಯಿಲ್ಲೋ? ಕಮ್ಮಿ ಇಟ್ಟು ನನಗ ಮರ್ಯಾದಿ ಕೊಡಾಕ ಹೋಗಬ್ಯಾಡ” ಎಂದರು. ಸರಿಯಾಗಿಯೇ ಇಟ್ಟಿದ್ದೇನೆ, ಮೇಡಂ.

ನಮ್ಮ ಗುರುಗಳಿಗೆ ಅಲ್ಲಾಹನೂ ನಮ್ಮ ಸೀಮೆಯ ದೇವಿ ಹುಲಿಗೆಮ್ಮನೂ ತುಂಬು ಆಯುಸ್ಸನ್ನೂ ಗಟ್ಟಿ ಕೈಕಾಲುಗಳನ್ನೂ ಕೊಡಲಿ. ನಿವೃತ್ತಿಯಾದ ಮೇಲೂ ಇನ್ನೂ ಎಷ್ಟೋ ಗಿರಣಿಗಳ ಮಕ್ಕಳು ಅವರ ಕೈಯಲ್ಲಿ ಪಳಗಲಿ. ಪರೀಕ್ಷೆಗಳು ಮುಗಿದ ದಿನ ಆ ಅಕ್ಕಿಯನ್ನು ಇಳಿಸಿ, ಅದರಲ್ಲೇ ನಮ್ಮ ಮನೆಯಲ್ಲಿ ಅಡುಗೆ ಮಾಡಿಸುತ್ತೇನೆ. ಮೇಡಂ ಉಂಡು ಬಂದು ಆ ಆಸನದಲ್ಲಿ ಕೂರಬೇಕು, ಬಾಗಿಲನ್ನು ಅವರೇ ಎಳೆದುಕೊಳ್ಳಬೇಕು.