ಮೇಸ್ತ್ರಿಗೆ ಅಂಟಿದ ಕಾಯಿಲೆ

ಮೊನ್ನೆ ಟ್ರಂಕಿನ ತಳದಲ್ಲಿದ್ದ ಹಳೇ ಸ್ವೆಟರನ್ನು ಬಿಸಿಲಿಗೆ ಹಾಕೋಣವೆಂದು ಕೊಡವಿದೆ ನೋಡಿ, ಬಿಳಿ ಕೂದಲು ಹಾರಿ ನೇರ ಮೂಗಿಗೇ ಬಂತು. ಸೀನುತ್ತಲೇ ನಗು ಬಂತು. ಇಪ್ಪತ್ತು ವರ್ಷದ ಹಿಂದಿನ ಬೆಕ್ಕಿನ ಕೂದಲು!

ಆಗ ನಾವು ಮೂಡಿಗೆರೆಯಲ್ಲಿ ಬಾಡಿಗೆಗಿದ್ದೆವು. ಯಾವುದೋ ಎಸ್ಟೇಟಿನಲ್ಲಿ ದಿಕ್ಕಿಲ್ಲದೆ ಉಳಿದ ಎರಡು ಬೆಕ್ಕುಗಳನ್ನು ಪಶುವೈದ್ಯರು ತಂದು ನನ್ನ ಮಡಿಲಿಗೆ ಹಾಕಿದರು. ಎರಡಕ್ಕೂ ರಕ್ತದ ಕ್ಯಾನ್ಸರ್ ತರುವ ವೈರಸ್ಸು. "ಮನುಷ್ಯರಿಗೆ ಬರಲ್ಲ ಮೇಡಂ, ನಾಯಿಗೂ ಬರಲ್ಲ. ಬೆಕ್ಕಿಂದ ಬೆಕ್ಕಿಗೆ, ಎಂಜಲಿಂದ ಹರಡುತ್ತೆ. ಬೇರೆ ಬೆಕ್ಕಿನ ಹತ್ತಿರ ಬಿಡಬೇಡಿ. ಜಾಗ ಸಿಗೋ ತನಕ ಇಟ್ಕೊಳ್ಳಿ" ಎಂದರು. ಜಾಗ ಕೊನೆಗೂ ಸಿಗಲಿಲ್ಲ ಬಿಡಿ.

ನಮ್ಮ ಯಜಮಾನರ ಅಣ್ಣ ಪ್ರತಿ ಭಾನುವಾರ ಕೊಟ್ಟಿಗೆಹಾರದಿಂದ ಬಸ್ಸು ಹತ್ತಿ ಬಂದು, ನನ್ನ ಸಾರಿಗೆ ಉಪ್ಪು ಕಡಿಮೆಯೆಂದು ಮೂರು ಸಲ ಬಡಿಸಿಕೊಂಡು ಉಣ್ಣುವವರು. ಆ ಭಾನುವಾರ ಹೊಸ್ತಿಲಲ್ಲೇ ನಿಂತರು. "ಇದು ನಮಗೂ ಅಂಟುತ್ತಂತಲ್ಲ?"

ಇಲ್ಲ ಎಂದರೆ ಮುಗಿಯುತ್ತಿತ್ತು. ನಾನು "ಯಾರಿಗೆ ಗೊತ್ತು ಭಾವ" ಎಂದು ಉದ್ದಕ್ಕೆ ನಿಟ್ಟುಸಿರುಬಿಟ್ಟೆ. ಅವರು ನೀರೂ ಮುಟ್ಟದೆ ಬಸ್ಸು ಹಿಡಿದರು. ಆ ಮಧ್ಯಾಹ್ನ ಎಂಥ ನಿದ್ದೆ ಮಾಡಿದೆ ಅಂತೀರಿ!

ಭಾವನ ಬಾಯಿಂದ ಬಸ್ಸು ಹತ್ತಿದ ನನ್ನ ನಿಟ್ಟುಸಿರು ಎರಡೇ ವಾರದಲ್ಲಿ ನಮ್ಮ ಬೀದಿ ಸುತ್ತಿತು. ಪಕ್ಕದ ಮನೆಯ ಕಮಲಕ್ಕ ಹೆಪ್ಪಿಗೆ ಕೊಡುವ ಮೊಸರನ್ನು ಕಾಂಪೌಂಡಿನ ಮೇಲಿಟ್ಟು ಓಡತೊಡಗಿದರು. ಹೆದರದೇ ಇದ್ದದ್ದು ಅವರ ಗಂಡುಬೆಕ್ಕು ಮೇಸ್ತ್ರಿ ಒಬ್ಬನೇ. ಒಂದು ದಿನ ನೋಡುತ್ತೇನೆ, ನಮ್ಮ ಕಿಟಕಿಯ ಸರಳಿನಾಚೆ ಕೂತು ನನ್ನ ಬೆಕ್ಕುಗಳ ಮೂತಿ ನೆಕ್ಕುತ್ತಿದ್ದಾನೆ.

"ಕಮಲಕ್ಕ, ಮೇಸ್ತ್ರಿನ ಮನೆಯೊಳಗೇ ಇಟ್ಕೊಳ್ಳಿ. ಅಂಟೋದು ಅವನಿಗೆ, ನಿಮಗಲ್ಲ."

"ನಿನ್ನೆ ತನಕ ನಮಗೆ ಅಂಟುತ್ತೆ ಅಂತ ಸುದ್ದಿಯಿತ್ತು. ಇವತ್ತು ಬೆಕ್ಕಿಗೆ ಅಂತೀರಿ. ನಾಳೆ ಕಾಫಿ ಗಿಡಕ್ಕೆ ಅಂತೀರೇನೋ!"

ಅಂದೇ ಕಿಟಕಿಗೆ ಸೊಳ್ಳೆಪರದೆ ಹೊಡೆಸಿದೆ. ತಡವಾಗಿತ್ತು. ಕೆಲವು ತಿಂಗಳಲ್ಲಿ ಮೇಸ್ತ್ರಿ ಸೊರಗಿದ. ಅವನ ರಕ್ತ ಬೆಂಗಳೂರಿಗೆ ಹೋಗಿ, ಅದೇ ವೈರಸ್ಸು ಎಂಬ ಚೀಟಿ ಬಂತು.

ಕಮಲಕ್ಕನ ಮನೆಯಲ್ಲಿ ಇನ್ನೆರಡು ಬೆಕ್ಕುಗಳಿದ್ದವು. ಅವುಗಳಿಗೆ ಅಂಟಿರಲಿಲ್ಲ, ಪುಣ್ಯ. ಕಮಲಕ್ಕ ಮೇಸ್ತ್ರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಭಾವನನ್ನು ಓಡಿಸಲು ನಾನೇ ಕಟ್ಟಿದ ಕಥೆಯನ್ನೆಲ್ಲ ಒಪ್ಪಿಕೊಂಡೆ, ಅಳು ಬಂತು. ಬಾಯಿ ತುಂಬ ಬೈದರು. ಬೈದು ಮುಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

"ಇವನು ಇಲ್ಲೇ ಇರ್ಲಿ. ನಾನು ದಿನಾ ಬರ್ತೀನಿ. ಈಗ ಕಾಫಿ ಮಾಡಿ."

ಮೇಸ್ತ್ರಿ ಎರಡು ವರ್ಷ ನಮ್ಮ ಮನೆಯಲ್ಲಿ ದರ್ಬಾರು ನಡೆಸಿದ. ಕಮಲಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಸೇಡನ್ನೂ ಬಿಡಲಿಲ್ಲ: ಕಾಯಿಲೆ ಮನುಷ್ಯರಿಗೆ ಅಂಟುವುದಿಲ್ಲವೆಂದು ಭಾವನಿಗೆ ಅವರೇ ಫೋನು ಮಾಡಿದರು. ಮುಂದಿನ ಭಾನುವಾರ ಭಾವ ಹಾಜರು.

ಈಗ ಯಾರೇ ಬೆಕ್ಕಿನ ಕಾಯಿಲೆ ಬಗ್ಗೆ ಕೇಳಿದರೂ ನಿಜ ಹೇಳಿಬಿಡುತ್ತೇನೆ, ಕೇಳಿದವರು ಊಟಕ್ಕೆ ನಿಲ್ಲುವಂತಿದ್ದರೂ.