ಹೋಟೆಲ್ ಊಟಕ್ಕೊಂದು ತೆಂಗಿನಕಾಯಿ

೧೯೭೨ನೇ ಇಸವಿಯ ಬೇಸಿಗೆ. ನಾನೂ ನನ್ನ ಗೆಳತಿ ರತ್ನಳೂ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಿಂದ ಹುಣಸೂರಿಗೆ ಬಸ್ಸಿನಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆವು. ರತ್ನಳನ್ನು ಅವಳ ಸೋದರಮಾವನಿಗೇ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಮಾವ ಕೆಟ್ಟವನಲ್ಲ. ಆದರೆ, "ನನ್ನ ಎತ್ತಿ ಆಡ್ಸಿದೋನ ಪಕ್ದಲ್ಲಿ ಹಸೆಮಣೆ ಮ್ಯಾಲೆ ಎಂಗ್ ಕೂರ್ಲೆ ಗೌರಿ?" ಎಂದು ಅವಳು ನನ್ನ ಮುಂದೆ ಅತ್ತದ್ದಕ್ಕೆ ಲೆಕ್ಕವಿಲ್ಲ.

ಒಂದು ಶುಕ್ರವಾರ ಸಂಜೆ ಅವಳ ತಾಯಿ ನಿಂಗಮ್ಮ ನನ್ನನ್ನು ಹಿತ್ತಲಿಗೆ ಕರೆದರು. "ನಿನ್ ಮಾತ ಕೇಳ್ತಾಳೆ ಕಣವ್ವ. ವಸಿ ಬುದ್ದಿ ಯೋಳು. ಅವ್ಳು ಊಂ ಅಂದ್ರೆ ಸಾಕು, ಮನೆದೇವ್ರಿಗೆ ಕಾಯಿ ಒಡೀತೀನಿ" ಎಂದರು. ಊರಿನಲ್ಲಿ ನನಗೆ ಬುದ್ಧಿವಂತೆ ಎಂಬ ಹೆಸರಿತ್ತು. "ನಂಗೆ ಬುಡಿ ದೊಡ್ಡವ್ವ" ಎಂದು ಒಪ್ಪಿಕೊಂಡು ಬಂದೆ.

ಮರುದಿನ ರತ್ನ ನನ್ನನ್ನು ಬಿಟ್ಟು ಮೊದಲ ಬಸ್ಸಿಗೇ ಹೋಗಿದ್ದಳು. ಕ್ಲಾಸಿಗೂ ಬರಲಿಲ್ಲ. ಮಧ್ಯಾಹ್ನ ಕ್ಲಾಸು ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಹಬ್ಬದ ಸೀರೆ, ತಲೆ ತುಂಬ ಮಲ್ಲಿಗೆ. ಅಂಥ ಸೆಕೆಯಲ್ಲೂ ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದಿದ್ದಳು.

"ಬಾರೆ, ಇವತ್ತು ಓಟ್ಲಲ್ಲಿ ಊಟ ಮಾಡಣ" ಎಂದಳು.

"ನಂದು ರೊಟ್ಟಿ ಅದಲ್ಲೆ?"

"ರೊಟ್ಟಿ ದಿನಾ ಇದ್ದದ್ದೆಯಾ. ಬಾ."

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಹಸಿರು ಪರದೆ ಎಳೆದುಕೊಂಡು ಕೂತೆವು. ಗಂಡಸರ ಜೊತೆಯಿಲ್ಲದೆ ಹೋಟೆಲಿಗೆ ಕಾಲಿಟ್ಟಿದ್ದು ನನಗೆ ಅದೇ ಮೊದಲು. ಪೂರಿ, ಪಲ್ಯ, ಅನ್ನ, ಸಾರು ಎಲ್ಲವೂ ಬಂದವು. ರತ್ನ ತಾನು ಉಣ್ಣುವುದನ್ನು ಬಿಟ್ಟು ನನ್ನ ಎಲೆಯನ್ನೇ ನೋಡುತ್ತಿದ್ದಳು. "ಇವ್ಳಿಗೆ ಇನ್ನೊಸಿ ಪಲ್ಯ ಹಾಕಿ, ಇನ್ನೊಂದು ಪೂರಿ ಹಾಕಿ" ಎಂದು ಬಡಿಸುವವರಿಗೆ ಹೇಳುವುದೇ ಅವಳ ಕೆಲಸವಾಗಿತ್ತು. ಇವಳಿಗೆ ಇವತ್ತು ಏನಾಗಿದೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಸಾರನ್ನ ಕಲಸುತ್ತಾ ನಾನು ಒಪ್ಪಿಕೊಂಡ ಕೆಲಸ ಶುರುಮಾಡಿದೆ. "ರತ್ನ, ನಿಮ್ಮವ್ವ ನೆನ್ನೆ..."

"ಉಣ್ಣೋವಾಗ ಆ ಮಾತು ಬ್ಯಾಡ ಕಣೆ" ಎಂದು ಬಾಯಿ ಮುಚ್ಚಿಸಿದಳು. ಮತ್ತೆ ಕೇಳಿದರೆ ಹಪ್ಪಳ ತರಿಸಿದಳು.

ಕೊನೆಗೆ ಚಿರೋಟಿ ಬಂತು. ಮೊದಲೇ ಹೇಳಿಟ್ಟಿದ್ದಳಂತೆ. ಅದನ್ನು ತಿನ್ನುವ ಬಗೆ ನನಗೆ ಗೊತ್ತಿರಲಿಲ್ಲ. ಮುರಿಯಲು ಹೋದರೆ ಅರ್ಧ ಮಡಿಲಿಗೆ ಬಿತ್ತು. ರತ್ನ ನಕ್ಕು, ತಾನೇ ಪುಡಿಮಾಡಿ ಸಕ್ಕರೆ ಉದುರಿಸಿ ಬಿಸಿ ಹಾಲು ಹುಯ್ದಳು. ಮೊದಲ ತುತ್ತನ್ನು ಅವಳೇ ನನ್ನ ಬಾಯಿಗಿಟ್ಟಳು. ನಗುತ್ತಲೇ ಇದ್ದಳು, ಕಣ್ಣಲ್ಲಿ ಮಾತ್ರ ನೀರಿತ್ತು.

ಕೈ ತೊಳೆಯಲು ಹೋದರೆ ಅಲ್ಲಿ ನಮ್ಮ ಕ್ಲಾಸಿಗೆ ಮಿಷನ್ ರಿಪೇರಿಗೆ ಬರುತ್ತಿದ್ದ ಕೇರಳದ ಥಾಮಸ್ ಹೊಸ ಬಿಳಿ ಶರಟು ಹಾಕಿಕೊಂಡು ನಿಂತಿದ್ದ. "ಊಟ ಆಯಿತಾ ಸಿಸ್ಟರ್? ಎಲ್ಲಾ ಸರಿಯಾಗಿ ಬಡಿಸಿದರಾ?" ಎಂದು ಕೈಮುಗಿದ. ನನ್ನ ಊಟ ಇವನಿಗೇಕೆ ಎಂದು ಮೈ ಉರಿಯಿತು. ಸೆರಗಿಗೆ ಕೈ ಒರೆಸಿಕೊಂಡು ಬಂದೆ.

ರತ್ನ ತನ್ನ ಚೀಲದಿಂದ ವೀಳ್ಯದೆಲೆ, ಅಡಿಕೆ, ಅರಿಶಿನ ಹಚ್ಚಿದ ಒಂದು ತೆಂಗಿನಕಾಯಿ ತೆಗೆದು ನನ್ನ ಮಡಿಲಿಗಿಟ್ಟಳು.

"ಇದ್ಯಾಕೆ? ಒಪ್ಕಂಡ್ಯೇನೆ?" ಎಂದು ಕೇಳಿದೆ. ನಮ್ಮ ಕಡೆ ಸಂಬಂಧ ಕುದುರಿದರೆ ಎಲೆ, ಅಡಿಕೆ, ಕಾಯಿ ಕೈ ಬದಲಾಯಿಸುತ್ತವೆ. ನನಗೆ ಹೊಳೆದದ್ದು ಅದೊಂದೇ. ಅವಳು ನನ್ನನ್ನು ತಬ್ಬಿಕೊಂಡಳು. ದಾರ ಕೊಳ್ಳಬೇಕು, ನೀನು ಮುಂದೆ ಹೋಗು ಎಂದು ನನ್ನನ್ನು ಪಿರಿಯಾಪಟ್ಟಣದ ಬಸ್ಸು ಹತ್ತಿಸಿದಳು.

ಊರಿಗೆ ಬಂದವಳೇ ನಿಂಗಮ್ಮನವರ ಮನೆಗೆ ನುಗ್ಗಿ, "ದೊಡ್ಡವ್ವ, ರತ್ನ ಒಪ್ಕಂಡ್ಳು! ತಗಳ್ಳಿ, ಕಾಯಿ ಕೊಟ್ಟವ್ಳೆ" ಎಂದೆ. ಆ ತಾಯಿಗೆ ಹಾಲು ಕುಡಿದಷ್ಟು ಸಂತೋಷ. ಕೈಕಾಲು ತೊಳೆದು ಬಂದು ದೀಪ ಹಚ್ಚಿ ಅದೇ ಕಾಯಿಯನ್ನು ಮನೆದೇವರ ಮುಂದೆ ಒಡೆದರು. ಒಂದು ಚೂರಿಗೆ ಸಕ್ಕರೆ ಸೇರಿಸಿ ನನ್ನ ಬಾಯಿಗೆ ಹಾಕಿದರು.

ಕೊನೆಯ ಬಸ್ಸು ಬಂದರೂ ರತ್ನ ಬರಲಿಲ್ಲ.

ಭಾನುವಾರ ಸುದ್ದಿ ತಿಳಿಯಿತು. ಶನಿವಾರ ಬೆಳಿಗ್ಗೆಯೇ ಥಾಮಸನೊಂದಿಗೆ ರಿಜಿಸ್ಟರ್ ಮದುವೆಯಾಗಿ, ನನ್ನನ್ನು ಬಸ್ಸು ಹತ್ತಿಸಿದ ಮೇಲೆ ಇಬ್ಬರೂ ಮೈಸೂರಿನ ಬಸ್ಸು ಹತ್ತಿದ್ದರು. ಬಿಗಿದ ಸೆರಗಿನ ಕೆಳಗೆ ತಾಳಿಯಿತ್ತು. ನಾನು ಉಂಡಿದ್ದು ಮದುವೆ ಊಟ. ಮಡಿಲಿಗೆ ಬಿದ್ದದ್ದು, ಊಟವಾದ ಮೇಲೆ ನೆಂಟರಿಗೆ ಕೊಡುವ ತಾಂಬೂಲ.

ನಿಂಗಮ್ಮ ನನ್ನನ್ನು ಬೈಯಲಿಲ್ಲ. "ನೀನೂ ಸೇರ್ಕಂಡಿದ್ದಾ ಗೌರಿ?" ಎಂದು ಒಂದೇ ಮಾತು ಕೇಳಿದರು. ಇಲ್ಲವೆಂದು ಎಷ್ಟು ಆಣೆ ಮಾಡಿದರೂ ಮುಖ ತಿರುಗಿಸಿಕೊಂಡರು. ಬಯ್ದಿದ್ದರೇ ಚೆನ್ನಾಗಿತ್ತು. ರತ್ನಳ ಮೇಲೆ ಸಿಟ್ಟು ಮಾಡಬೇಕೋ, ನನ್ನ ದಡ್ಡತನಕ್ಕೆ ಅಳಬೇಕೋ ತಿಳಿಯದೆ ಒದ್ದಾಡಿದೆ. ಹೊಲಿಗೆ ಕ್ಲಾಸನ್ನೂ ಬಿಟ್ಟೆ.

ವರ್ಷದ ಮೇಲೆ ರತ್ನಳ ಕಾಗದ ಬಂತು. "ಸಾಕ್ಷಿ ಹಾಕು ಅಂತ ನಿನ್ನನ್ನು ಕೇಳಲಿಲ್ಲ, ಊರಿನವರು ನಿನ್ನ ಮೇಲೆ ಬೀಳುತ್ತಾರೆ ಅಂತ. ಆದರೆ ನನ್ನ ಕಡೆಯವರು ಒಬ್ಬರಾದರೂ ಉಣ್ಣದೆ ಅದೆಂಥ ಮದುವೆ?" ಎಂದು ಬರೆದಿದ್ದಳು. ಅವಳು ಕೊಟ್ಟ ಕಾಯಿಯನ್ನು ನಿಂಗಮ್ಮ ಮನೆದೇವರಿಗೆ ಒಡೆದದ್ದನ್ನು ನಾನು ಉತ್ತರದಲ್ಲಿ ಬರೆದೆ. ಅದಕ್ಕೆ ಅವಳಿಂದ ಒಂದೇ ಸಾಲಿನ ಕಾರ್ಡು ಬಂತು: "ಅಂಗಾದ್ರೆ ನಮ್ಮವ್ವ ನನ್ ಮದ್ವೆಗೆ ಕಾಯಿ ಒಡದವ್ಳೆ ಬುಡು."

ಧೈರ್ಯ ಮಾಡಿ ಆ ಕಾರ್ಡನ್ನು ನಿಂಗಮ್ಮನವರಿಗೆ ಓದಿ ಹೇಳಿದೆ. ಅವರು ರಾಗಿ ಕೇರುತ್ತಿದ್ದರು. ಮೊರ ನಿಂತಿತು. "ಕಾಯಿ ಕೆಟ್ಟಿರ್ನಿಲ್ಲ ಕಣವ್ವ. ಬೆಳ್ಳಗಿತ್ತು" ಎಂದರು. ಆಮೇಲೆ, "ಬರೀವಾಗ ಅದ್ನೂ ಬರಿ" ಎಂದರು.

ಅವತ್ತು ಆ ಕಾಯಿಯನ್ನು ತಂದುಕೊಟ್ಟು ನಾನು ಮಾಡಿದ್ದು ತಪ್ಪೋ ಒಪ್ಪೋ ಇಂದಿಗೂ ನನಗೆ ಬಗೆಹರಿದಿಲ್ಲ. ಆದರೆ ಆ ಎರಡು ಮಾತು ಬರೆದು ಕಾರ್ಡನ್ನು ಪೋಸ್ಟ್ ಡಬ್ಬಿಗೆ ಹಾಕಿದ ದಿನ ನಾನು ಹೊಟ್ಟೆ ತುಂಬ ಉಂಡೆ.